ಕೊಳವೆಯ ಬಾಯಿ ಯಾವ ಕಡೆಗೆ?

ತುಮಕೂರು ಪೇಟೆಯ ಒಳಬೀದಿಗಳಲ್ಲಿ ತಗಡಿನ ಅಂಗಡಿ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಕೊಡತಿಯ ಸದ್ದೇ ದಾರಿ ತೋರಿಸುತ್ತದೆ. ಬಾಗಿಲಲ್ಲಿ ಡಬ್ಬ, ಲಾಳಿಕೆಗಳು ತೂಗುಬಿದ್ದಿರುತ್ತವೆ. ಮೂಲೆಯಲ್ಲಿ ನಾಲ್ಕಿಂಚಿನ ದುಂಡು ಕೊಳವೆಗಳು ಕಬ್ಬಿನ ಜಲ್ಲೆಗಳಂತೆ ಒರಗಿ ನಿಂತಿರುತ್ತವೆ.

ಚಳಿ ದೇಶಗಳಲ್ಲಿ ಇಂಥ ಕೊಳವೆಗಳು ನೆಲಮಾಳಿಗೆಯಿಂದ ಕೋಣೆಕೋಣೆಗೂ ಬಿಸಿಗಾಳಿಯನ್ನು ಒಯ್ಯುತ್ತವೆ. ನಮ್ಮ ಸೀಮೆಯಲ್ಲಿ ಮನೆಯನ್ನು ಬಿಸಿ ಮಾಡುವ ಪದ್ಧತಿ ಎಲ್ಲಿಯದು? ಬಿಸಿ ಬೇಕಾದದ್ದು ಬಚ್ಚಲಿಗೆ ಮತ್ತು ಅಡುಗೆಗೆ. ಹಾಗಾಗಿ ಇಲ್ಲಿನ ಕೊಳವೆಯ ಪಾಲಿಗೆ ಬಂದದ್ದು ಹೊಗೆ.

ಕೆಲಸ ನೋಡುವುದಕ್ಕೆ ಸುಲಭ. ನಾಲ್ಕಿಂಚು ವ್ಯಾಸದ ಕೊಳವೆಗೆ 12.5 ಇಂಚಿಗಿಂತ ತುಸು ಹೆಚ್ಚು ಅಗಲದ ತಗಡು ಬೇಕು. ಅಂಚಿನ ಮಡಿಕೆಗೆಂದು ಸುಮಾರು ಇನ್ನೊಂದು ಇಂಚು. ಪೈ ಎಂಬ ಹೆಸರು ಕೇಳದಿದ್ದವರಿಗೂ ಅದರ ಬೆಲೆ ಕೈಗೆ ಗೊತ್ತಿರುತ್ತದೆ. ಎರಡು ಅಂಚುಗಳನ್ನು ಎದುರುಬದುರಾಗಿ ಮಡಿಸಿ, ಬೆರಳಿಗೆ ಬೆರಳು ಕೊಕ್ಕೆ ಹಾಕಿದಂತೆ ಸಿಕ್ಕಿಸಿ ಕೊಡತಿಯಿಂದ ಬಡಿದರೆ ಆಯಿತು. ಬೆಸುಗೆಯೂ ಬೇಡ, ಮೊಳೆಯೂ ಬೇಡ. ಕಡೆಗೆ ಒಂದು ತುದಿಗೆ ಇಕ್ಕಳದಿಂದ ಸೀರೆಯ ನೆರಿಗೆಯಂತೆ ಸುತ್ತಲೂ ನೆರಿಗೆ ಹಿಡಿಯುತ್ತಾರೆ. ಆ ತುದಿ ಕಿರಿದಾಗುತ್ತದೆ, ಮುಂದಿನ ತುಂಡಿನ ಬಾಯೊಳಗೆ ಕೂರುತ್ತದೆ.

ಈ ನೆರಿಗೆಯ ತುದಿ ಯಾವ ಕಡೆಗಿರಬೇಕು? ಎಷ್ಟೋ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಹವಾನಿಯಂತ್ರಣದ ಕೊಳವೆಗಾದರೆ ಉತ್ತರ ಸರಳ: ಗಾಳಿ ಸಾಗುವ ದಿಕ್ಕಿಗೆ. ಅಲ್ಲಿ ಫ್ಯಾನು ಗಾಳಿಯನ್ನು ನೂಕುತ್ತಿರುತ್ತದೆ, ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚು. ತುದಿ ತಿರುಗುಮುರುಗಾದರೆ ಸಂದಿನಲ್ಲಿ ತಂಪು ಸೋರುತ್ತದೆ, ಕರೆಂಟಿನ ಬಿಲ್ಲು ಏರುತ್ತದೆ. ಸರಿಯಾಗಿ ಕೂರಿಸಿದ ಮೇಲೂ ಸಂದಿಗೆ ಅಲ್ಯೂಮಿನಿಯಂ ಪಟ್ಟಿ ಸುತ್ತಬೇಕು.

ಅದೇ ಲೆಕ್ಕವನ್ನು ಹೊಗೆಗೂ ಹಾಕಿದರೆ ಏನಾಗುತ್ತದೆ ಎಂಬುದನ್ನು ಬಿ.ಎಚ್. ರಸ್ತೆ ಹಿಡಿದು ಗುಬ್ಬಿಯ ಕಡೆ ಹೊರಟರೆ ನೋಡಬಹುದು. ನಾಟಕ ಕಂಪನಿಯಿಂದ ನಾಡಿಗೆಲ್ಲ ಪರಿಚಯವಾದ ಗುಬ್ಬಿ, 2023ರಿಂದ ಹೆಲಿಕಾಪ್ಟರ್ ಕಾರ್ಖಾನೆಯ ತಾಲ್ಲೂಕು ಕೂಡ. ಆದರೂ ತೋಟದ ಮನೆಗಳ ಬಚ್ಚಲಲ್ಲಿ ಹಂಡೆ ಒಲೆ ಇನ್ನೂ ಆರಿಲ್ಲ. ತೆಂಗಿನ ಸೋಗೆ, ಮಟ್ಟೆ, ಕರಟ ಪುಕ್ಕಟೆ ಸಿಗುವಾಗ ಸ್ನಾನದ ನೀರಿಗೆ ಸಿಲಿಂಡರ್ ಹಚ್ಚುವವರು ಯಾರು?

ಇಂಥ ಒಲೆಯ ಕೊಳವೆಯ ಹೊರಮೈಮೇಲೆ, ಕೆಲವು ಕಡೆ ಪಕ್ಕದ ಸುಣ್ಣದ ಗೋಡೆಯ ಮೇಲೂ ಕಾಫಿ ಬಣ್ಣದ ಕಲೆ ಇಳಿದಿರುತ್ತದೆ. ಹೊಗೆ ಮೇಲಕ್ಕೆ ಹೋಗುತ್ತದೆ, ಆದ್ದರಿಂದ ನೆರಿಗೆಯೂ ಮೇಲಕ್ಕಿರಲಿ ಎಂದು ಜೋಡಿಸಿದ್ದರ ಫಲ ಅದು. ಕೊಳವೆಯಲ್ಲಿ ಓಡಾಡುವುದು ಹೊಗೆ ಒಂದೇ ಅಲ್ಲ. ಹಸಿ ಮಟ್ಟೆಯ ನೀರಾವಿ ಮೇಲಿನ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಹೊಗೆಯ ಜಿಡ್ಡನ್ನು ಕಲಸಿಕೊಂಡು ಕೆಳಗಿಳಿಯುತ್ತದೆ. ಮೇಲಿನ ತುಂಡು ಕೆಳಗಿನದರ ಒಳಗೆ ಕೂತಿದ್ದರೆ ಅದು ಒಳಗೊಳಗೇ ಇಳಿದು ಒಲೆಯಲ್ಲಿ ಸುಟ್ಟುಹೋಗುತ್ತದೆ. ಇಲ್ಲವಾದರೆ ಪ್ರತಿ ಸಂದಿನಲ್ಲೂ ಹೊರಗೆ ಸೋರುತ್ತದೆ. ಹಾಗಾದರೆ ಆ ಸಂದಿನಲ್ಲಿ ಹೊಗೆ ನುಗ್ಗುವುದಿಲ್ಲವೆ? ಬಿಸಿ ಹೊಗೆ ಹಗುರ. ಅದು ಮೇಲೇರುವಾಗ ಕೊಳವೆಯ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಸಂದಿದ್ದರೆ ಹೊರಗಿನ ಗಾಳಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ಬೆಂಕಿಗೆ ಹತ್ತಿರದ ಮೊದಲ ತುಂಡು ಮಾತ್ರ ಸತುವಿನ ಲೇಪವಿಲ್ಲದ ದಪ್ಪ ಕಬ್ಬಿಣದ್ದಿರಬೇಕು. ಸುಮಾರು 420 ಡಿಗ್ರಿಗೆ ಸತು ಕರಗುತ್ತದೆ.

ಹೊಗೆಯ ಈ ಎಳೆತವನ್ನೇ ನೆಚ್ಚಿದ ಒಲೆಯೊಂದರ ಹೆಸರು ಕುಣಿಗಲ್ ತಾಲ್ಲೂಕಿಗೆ ಅಂಟಿಕೊಂಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ತಂಡ ಇಲ್ಲಿನ ಉಂಗ್ರ ಗ್ರಾಮದಲ್ಲಿ ತನ್ನ ಕೇಂದ್ರ ತೆರೆಯಿತು. ಹಳ್ಳಿಯ ಕೆಲಸಗಳಿಗೆ ವಿಜ್ಞಾನವನ್ನು ಒದಗಿಸುವುದು ತಂಡದ ಉದ್ದೇಶ. 1980ರ ದಶಕದಲ್ಲಿ ಮನೆಮಾತಾದ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆ ಒಟ್ಟಿಗೆ ಕೂರುತ್ತವೆ. ಉರಿ ಒಂದರ ಬುಡದಿಂದ ಇನ್ನೊಂದರ ಬುಡಕ್ಕೆ ಸಾಗಿ, ಕೊನೆಗೆ ಹೊಗೆ ಸೂರಿನ ಮೇಲೆ ಹೊರಬೀಳುತ್ತದೆ. ಸೌದೆ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಊದುಕೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರಿಗೆ ಅಡುಗೆಮನೆಯಲ್ಲಿ ಉಸಿರಾಡುವಂತಾಯಿತು.

ಆದರೆ ಕೊಳವೆ ತಗಡಿನದಾಗಲಿ ಸಿಮೆಂಟಿನದಾಗಲಿ, ಮಸಿ ಕಟ್ಟಿಕೊಂಡರೆ ಎಳೆತ ನಿಂತು ಹೊಗೆ ಅಡುಗೆಮನೆಗೇ ಹಿಂದಿರುಗುತ್ತದೆ. ಹಂಡೆ ಒಲೆಯದೂ ಅದೇ ಪಾಡು. ಗೋಣಿಯ ತುಂಡನ್ನು ಹಗ್ಗಕ್ಕೆ ಕಟ್ಟಿ ಮೇಲಿಂದ ಇಳಿಬಿಟ್ಟು ಜಗ್ಗಿದರೆ ಕೆಲವೇ ನಿಮಿಷದ ಕೆಲಸ. ಹೊಗೆ ಕುಡಿಯುವವರು ಹೆಂಗಸರು, ಸೂರು ಹತ್ತಬೇಕಾದವರು ಗಂಡಸರು; ಹೀಗಾಗಿ ನಾಳೆ ನಾಡಿದ್ದು ಎನ್ನುತ್ತಲೇ ತಿಂಗಳುಗಳು ಉರುಳುತ್ತವೆ. ಅಂತೂ ಒಂದು ದಿನ ತುಂಡುಗಳನ್ನು ಬಿಚ್ಚಿ, ಕೊಡವಿ, ಅವಸರದಲ್ಲಿ ಮತ್ತೆ ಸಿಕ್ಕಿಸುತ್ತಾರೆ. ನೆರಿಗೆ ಮೇಲಾಗಿದ್ದರೆ ಕೆಲವೇ ದಿನಗಳಲ್ಲಿ ಗೋಡೆಯೇ ಹೇಳುತ್ತದೆ.