ಅನ್ನಕ್ಕೂ ಒಂದು ಹೆಸರು

ಪರಸ್ಥಳದಲ್ಲಿ ಊಟಕ್ಕೆಂದು ಹೊರಟವನು ಮೊದಲು ನೋಡುವುದು ಭೋಜನಗೃಹದ ಬಾಗಿಲ ಮೇಲಿನ ಹೆಸರನ್ನು. ಆ ಹೆಸರನ್ನು ನಂಬಿಯೇ ಅವನು ಒಳಗೆ ಕಾಲಿಡುತ್ತಾನೆ. ಆದರೆ ಹೊರಗೆ ಬರೆದ ಹೆಸರೊಂದು, ಒಳಗೆ ಬೇಯುವ ಅನ್ನ ಮತ್ತೊಂದು ಆಗಿರುವುದೂ ಉಂಟು. ಇದು ವಂಚನೆಯಿಂದಲೇ ಆಗಬೇಕೆಂದಿಲ್ಲ, ಸಂಕೋಚದಿಂದಲೂ ಆಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಲಾವೋಸ್ ದೇಶದವರ ಭೋಜನಗೃಹಗಳ ಕಥೆ ಇದಕ್ಕೆ ನಿದರ್ಶನವಾಗಿದೆ.

ಲಾವೋ ಊಟದಲ್ಲಿ ಅನ್ನವು ಮುಚ್ಚಳವುಳ್ಳ ಪುಟ್ಟ ಬಿದಿರಿನ ಬುಟ್ಟಿಯಲ್ಲಿ ಬರುತ್ತದೆ. ಆ ಬುಟ್ಟಿಗೆ ‘ತಿಪ್ ಖಾವ್’ ಎಂದು ಹೆಸರು. ಅಕ್ಕಿಯೂ ಬೇರೆ ಜಾತಿಯದು. ಆ ಅಂಟಕ್ಕಿಯನ್ನು ಅನೇಕವೇಳೆ ಇರುಳೆಲ್ಲ ನೆನೆಯಿಟ್ಟು, ಬಿದಿರಿನ ಬುಟ್ಟಿಯಲ್ಲಿ ತುಂಬಿ, ಹಬೆಯಲ್ಲಿ ಬೇಯಿಸುತ್ತಾರೆ, ನೀರಿನಲ್ಲಿ ಕುದಿಸುವುದಿಲ್ಲ. ಉಣ್ಣುವವನು ಒಂದು ತುತ್ತನ್ನು ಮುರಿದುಕೊಂಡು, ಬೆರಳುಗಳಲ್ಲಿ ಉಂಡೆಮಾಡಿ, ‘ಜೇವ್’ ಎಂಬ ಖಾರವಾದ ಗೊಜ್ಜಿನಲ್ಲಿ ಅದ್ದಿ ಬಾಯಿಗಿಡಬೇಕು. ಚಮಚವನ್ನು ಅರಸುವವನಿಗೆ ಇಲ್ಲಿ ಕೈಯೇ ಗುರು.

ಬುಟ್ಟಿಯ ಪಕ್ಕದಲ್ಲಿ ‘ಲಾಪ್’ ಇರುತ್ತದೆ. ಕೊಚ್ಚಿದ ಮಾಂಸಕ್ಕಾಗಲಿ ಮೀನಿಗಾಗಲಿ ನಿಂಬೆರಸ, ಪುದೀನ, ಮೆಣಸಿನಕಾಯಿ, ಹುರಿದು ಕುಟ್ಟಿದ ಅಕ್ಕಿಯ ಪುಡಿ ಇವನ್ನು ಬೆರೆಸಿ ಮಾಡಿದ ಪದಾರ್ಥವಿದು. ಭಾಗ್ಯವೆಂಬ ಅರ್ಥದ ಲಾವೋ ಮಾತಿಗೂ ಇದೇ ಉಚ್ಚಾರ. ಆ ಮಾತು ನಮ್ಮ ‘ಲಾಭ’ ಶಬ್ದದ ಬಳಗದ್ದೇ. ಶುಭಸಂದರ್ಭಗಳಲ್ಲಿ ಲಾಪ್ ಬಡಿಸುವುದು ಅವರಲ್ಲಿ ರೂಢಿ. ಎಳೆಯ ಪರಂಗಿಕಾಯಿಯನ್ನು ಒರಳಿನಲ್ಲಿ ಕುಟ್ಟಿದ ಕೋಸಂಬರಿಯೂ ಅಷ್ಟೇ ಪ್ರಿಯವಾದುದು.

ಇಷ್ಟಕ್ಕೂ ಈ ಅಡಿಗೆಯ ಜೀವಾಳ ‘ಪಾದೇಕ್’. ಸಿಹಿನೀರಿನ ಮೀನಿಗೆ ಉಪ್ಪನ್ನೂ ಅಕ್ಕಿಯ ತೌಡನ್ನೂ ಸೇರಿಸಿ, ಜಾಡಿಯಲ್ಲಿ ತಿಂಗಳುಗಟ್ಟಲೆ ಹುಳಿಯಗೊಡುತ್ತಾರೆ. ಇದರ ವಾಸನೆ ತೀಕ್ಷ್ಣ, ರುಚಿ ಗಂಭೀರ. ಕಾಯಿಪಲ್ಯಗಳ ಪದಾರ್ಥದಲ್ಲಿಯೂ ಇದು ಅಡಗಿರುವುದರಿಂದ ಶಾಕಾಹಾರಿಯು ಕೇಳಿ ತಿಳಿದೇ ಉಣ್ಣಬೇಕು.

ಇಂಥ ಊಟವು ತನ್ನ ಹೆಸರನ್ನೇ ಮರೆಸಿಕೊಳ್ಳಬೇಕಾಯಿತು. 1893ರ ಒಪ್ಪಂದದಿಂದ ಮೆಕಾಂಗ್ ನದಿಯ ಎಡದಂಡೆ ಫ್ರೆಂಚರ ವಶವಾಯಿತು. ಬಲದಂಡೆಯ ಲಾವೋ ಜನರು ಬಹುಮಟ್ಟಿಗೆ ಸಯಾಮಿನಲ್ಲಿಯೇ, ಎಂದರೆ ಇಂದಿನ ಥಾಯ್ಲೆಂಡಿನಲ್ಲಿಯೇ, ಉಳಿದರು. ಲಾವೋ ಸಂತತಿಯವರು ಇಂದು ಲಾವೋಸಿಗಿಂತ ಥಾಯ್ಲೆಂಡಿನ ಈಶಾನ್ಯ ಸೀಮೆಯಲ್ಲಿಯೇ ಹೆಚ್ಚು. ಹೀಗಾಗಿ ಅವರ ಲಾಪನ್ನೂ ಕೋಸಂಬರಿಯನ್ನೂ ಲೋಕವು ಥಾಯ್ ಅಡಿಗೆಯೆಂದೇ ಕಲಿಯಿತು. 1975ರಲ್ಲಿ ರಾಜಪ್ರಭುತ್ವವು ಕೊನೆಗೊಂಡು ಸಮತಾವಾದಿಗಳು ಅಧಿಕಾರಕ್ಕೆ ಬಂದಮೇಲೆ ಲಕ್ಷಾಂತರ ಜನರು ದೇಶವನ್ನು ತೊರೆದರು. ನದಿಯನ್ನು ದಾಟಿ, ನಿರಾಶ್ರಿತರ ಶಿಬಿರಗಳಲ್ಲಿದ್ದು, ಅಮೆರಿಕವನ್ನು ಸೇರಿದವರಲ್ಲಿ ಕೆಲವರು ಜೀವನೋಪಾಯಕ್ಕಾಗಿ ಭೋಜನಗೃಹಗಳನ್ನು ತೆರೆದರು. ಲಾವೋಸೆಂದರೆ ಗಿರಾಕಿಗೆ ತಿಳಿಯದು; ಥಾಯ್ ಎಂದರೆ ನಾಲಗೆಯಲ್ಲಿ ನೀರೂರುವುದು. ನೆರೆಯವರ ಹೆಸರನ್ನು ಬಾಗಿಲಿಗೆ ಕಟ್ಟಿ, ತಮ್ಮ ಪಾದೇಕನ್ನು ಮನೆಮಂದಿಗೆಂದು ಒಳಗಿಟ್ಟುಕೊಂಡರು. ಹಸಿದ ಸಂಸಾರವನ್ನು ಸಾಕಬೇಕಾದವರನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ.

ಬಾಲ್ಯದಲ್ಲಿ ಹೀಗೆಯೇ ನದಿ ದಾಟಿ ಬಂದ ಸೆಂಗ್ ಲುವಾಂಗ್ರಾಥ್ ಎಂಬ ಮಹಿಳೆ 2010ರಲ್ಲಿ ವರ್ಜೀನಿಯದ ಫಾಲ್ಸ್ ಚರ್ಚ್ ಎಂಬಲ್ಲಿ ‘ಬ್ಯಾಂಕಾಕ್ ಗೋಲ್ಡನ್’ ಎಂಬ ಥಾಯ್ ಭೋಜನಗೃಹವನ್ನು ವಹಿಸಿಕೊಂಡರು. ಹೊರಗಿನ ಹೆಸರು ಹಾಗೆಯೇ ಇತ್ತು. ಲಾವೋ ಪದಾರ್ಥಗಳು ಮಾತ್ರ ಪಟ್ಟಿಯಲ್ಲಿಲ್ಲದೆ, ಕೇಳಿದವರಿಗೆ ಸಿಕ್ಕುತ್ತಿದ್ದವು. ಕೇಳುವವರು ಹೆಚ್ಚಿದಂತೆ ಧೈರ್ಯವೂ ಹೆಚ್ಚಿತು. 2014ರಲ್ಲಿ ಅವರು ವಾಷಿಂಗ್ಟನ್ ನಗರದಲ್ಲಿ ಲಾವೋ ಭೋಜನಗೃಹವನ್ನೇ ತೆರೆದು, ಅನ್ನದ ಬುಟ್ಟಿಯ ಹೆಸರನ್ನು, ‘ತಿಪ್ ಖಾವ್’ ಎಂದು, ಅದಕ್ಕಿಟ್ಟರು. 2017ರಲ್ಲಿ ಹಳೆಯ ಥಾಯ್ ಭೋಜನಗೃಹದ ಹೆಸರನ್ನೂ ಬದಲಿಸಿದರು. ಹೊಸ ಹೆಸರು ‘ಪಾದೇಕ್’.

ಇಲ್ಲಿ ವಾಚಕರು ತುಸು ನಿಂತು ಯೋಚಿಸಬೇಕು. ಅವರು ಮಲ್ಲಿಗೆಯ ಹೆಸರನ್ನಿಡಲಿಲ್ಲ, ಚಿನ್ನದ ಹೆಸರನ್ನಿಡಲಿಲ್ಲ. ಯಾವುದರ ವಾಸನೆಗೆ ಅತಿಥಿ ಮೂಗು ಮುಚ್ಚಿಕೊಂಡಾನೆಂದು ಅಂಜಿಕೆಯಿದ್ದಿತೋ ಅದನ್ನೇ ಬಾಗಿಲ ಮೇಲೆ ಬರೆಸಿದರು. ದೇಶವನ್ನು ಬಿಟ್ಟು ಬಂದವರ ಕೈಯಲ್ಲಿ ಉಳಿಯುವ ಆಸ್ತಿ ಅಲ್ಪ. ಅದರಲ್ಲಿ ಅಡಿಗೆಯ ಹದವೊಂದು, ಅದರ ನಿಜವಾದ ಹೆಸರು ಇನ್ನೊಂದು. ಹದವನ್ನು ಉಳಿಸಿಕೊಂಡವರು ಬಹು ಮಂದಿ. ಹೆಸರನ್ನು ಮರಳಿ ಪಡೆಯುವುದಕ್ಕೆ ನಲವತ್ತು ವರ್ಷಗಳೇ ಬೇಕಾದವು. ಅಂದಿನಿಂದ ಆ ಬಾಗಿಲನ್ನು ಹೊಕ್ಕವನು ಹೊರಗೆ ಓದಿದುದನ್ನೇ ಒಳಗೆ ಉಂಡನು.