ಅಣ್ಣನಿಗೊಂದು ಹ್ಯಾಂಡ್‌ಗನ್ ಆರಿಸಿದ ಕಥೆ

ನಮ್ಮ ಮನೆಯಲ್ಲಿ ಯಾರು ಏನು ತಗೊಳ್ಳೋದಿದ್ದರೂ ಮೊದಲು ಫೋನ್ ಬರೋದು ನನಗೆ. ಅಪ್ಪನ ಮೊಬೈಲ್, ಅತ್ತೆಯ ಮಿಕ್ಸಿ, ಚಿಕ್ಕಪ್ಪನ ಸ್ಕೂಟರ್, ಎಲ್ಲವನ್ನೂ ನಾನೇ ಎಕ್ಸೆಲ್ ಶೀಟ್ ಮಾಡಿ ಆರಿಸಿಕೊಟ್ಟಿದ್ದೇನೆ. ಹಾಗಾಗಿ ಕಳೆದ ಸೆಪ್ಟೆಂಬರಿನಲ್ಲಿ ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ಅಮೆರಿಕದಿಂದ ಮೆಸೇಜ್ ಮಾಡಿದಾಗ ಲ್ಯಾಪ್‌ಟಾಪ್ ಇರಬೇಕು ಅಂದುಕೊಂಡೆ. ಮೆಸೇಜ್ ಹೀಗಿತ್ತು: "ಒಂದು ಹ್ಯಾಂಡ್‌ಗನ್ ತಗೋಬೇಕು ಅಂತಿದೀನಿ ಕಣೋ. ಕಾಡಿಗೆ ಹೋಗುವಾಗ ಸೊಂಟಕ್ಕೆ ಹಾಕ್ಕೊಳ್ಳೋಕೆ. ಯಾವುದು ಒಳ್ಳೇದು ನೋಡಿ ಹೇಳು. ಅಮ್ಮಂಗೆ ಹೇಳ್ಬೇಡ."

ಅಣ್ಣ ಇರೋದು ಮೊಂಟಾನಾ ರಾಜ್ಯದ ಬೋಜ್‌ಮನ್‌ನಲ್ಲಿ, ಯೆಲ್ಲೋಸ್ಟೋನ್ ಪಾರ್ಕಿನ ಉತ್ತರಕ್ಕೆ. ಶನಿವಾರ ಬಂತೆಂದರೆ ಬ್ಯಾಗ್ ಹಾಕಿಕೊಂಡು ಒಬ್ಬನೇ ಬೆಟ್ಟ ಹತ್ತುತ್ತಾನೆ. ಆ ಶನಿವಾರ ಒಂದು ತಿರುವಿನಲ್ಲಿ ಸುಮಾರು ಐವತ್ತು ಮೀಟರ್ ಮುಂದೆ ಗ್ರಿಜ್ಲಿ ಕರಡಿ ನಿಂತಿತ್ತಂತೆ, ಜೊತೆಗೆ ಮರಿ. ಇವನು ಓಡಲಿಲ್ಲ. ಮೆಲ್ಲಗೆ ಮಾತಾಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದ. ಕರಡಿ ಮರಿಯನ್ನು ಕರೆದುಕೊಂಡು ಇನ್ನೊಂದು ಕಡೆ ಹೋಯಿತು. ಏನೂ ಆಗಲಿಲ್ಲ. ಆದರೆ ಕಾರಿಗೆ ಬಂದ ಮೇಲೆ ಕೀ ಹಾಕೋಕೆ ಅರ್ಧ ಗಂಟೆ ಕೈ ನಿಲ್ಲಲಿಲ್ಲ ಅಂದ. ನಾನು ನೋಡಿದ ಹಾಗೆ ಅಣ್ಣ ಯಾವತ್ತೂ ಹೆದರಿದವನಲ್ಲ. ಅವನ ದನಿ ಕೇಳಿ ನನಗೂ ಒಂಥರಾ ಆಯ್ತು.

ಸರಿ, ಶೀಟ್ ತೆರೆದೆ. ಕರಡಿ ಇರುವ ಕಾಡಿಗೆ ಅಲ್ಲಿಯವರು ಮುಖ್ಯವಾಗಿ ಎರಡು ಥರದ ಹ್ಯಾಂಡ್‌ಗನ್ ಒಯ್ಯುತ್ತಾರೆ. ಒಂದು .44 ಮ್ಯಾಗ್ನಮ್ ರಿವಾಲ್ವರ್: ಸಾಮಾನ್ಯವಾಗಿ 6 ಗುಂಡು, ತೂಕ ಒಂದೂಕಾಲು ಕೆ.ಜಿ. ಆಸುಪಾಸು. ಇನ್ನೊಂದು 10 ಎಂ.ಎಂ. ಪಿಸ್ತೂಲು. ಉದಾಹರಣೆಗೆ ಗ್ಲಾಕ್ 20: ಮ್ಯಾಗಜೀನಿನಲ್ಲಿ 15 ಗುಂಡು, ಗುಂಡು ತುಂಬದೆ ಒಂದು ಕೆ.ಜಿ.ಗಿಂತ ಕಮ್ಮಿ. ರಿವಾಲ್ವರಿನ ಒಂದೊಂದು ಗುಂಡಿಗೆ ಶಕ್ತಿ ಜಾಸ್ತಿ, ಪಿಸ್ತೂಲಿನಲ್ಲಿ ಗುಂಡು ಜಾಸ್ತಿ. ನಿಜ ಹೇಳ್ತೀನಿ, ಎರಡು ದಿನ ಮಜಾ ಬಂತು. ಮೊಬೈಲ್ ಗೇಮಿನಲ್ಲಿ ಮಾತ್ರ ಬಂದೂಕು ಹಿಡಿದ ನಾನು ಗೆಳೆಯರ ಮುಂದೆ ದೊಡ್ಡ ಎಕ್ಸ್‌ಪರ್ಟ್ ಆದೆ.

ಮೂರನೇ ದಿನ ರೂಮ್‌ಮೇಟ್ ಕೇಳಿದ, "ನಿಮ್ಮಣ್ಣ ಸಿಟಿಜನ್ನಾ?" ಅಲ್ಲ, ಎಚ್-1ಬಿ ವೀಸಾ. ನೋಡಿದರೆ, ಇಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳೋದು ಸಾಮಾನ್ಯವಾಗಿ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಕೆಲವು ವಿನಾಯಿತಿಗಳಿವೆ, ಅದರಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರಬೇಕು. ಕೋಳಿ ಕೊಯ್ಯೋದನ್ನೂ ನೋಡದ ನಮ್ಮಣ್ಣನಿಗೆ ಬೇಟೆ ಲೈಸೆನ್ಸ್! ನಗು ಬಂತು, ಆಮೇಲೆ ನಾಚಿಕೆಯಾಯ್ತು. ಬೆಲೆಯನ್ನು ಡಾಲರ್ ಲೆಕ್ಕದಲ್ಲಿ ಬರೆದಿದ್ದೆ, ಅವನು ಅದನ್ನು ಮುಟ್ಟಬಹುದಾ ಅನ್ನೋ ಕಾಲಮ್ಮೇ ನನ್ನ ಶೀಟಿನಲ್ಲಿ ಇರಲಿಲ್ಲ.

ಇನ್ನೇನು ಬಿಟ್ಟಿದ್ದೇನೆ ಅಂತ ಹುಡುಕುತ್ತಾ ಹೋದೆ. ಗ್ರಿಜ್ಲಿ ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಓಡಬಲ್ಲದು, ಅಂದರೆ ಸೆಕೆಂಡಿಗೆ 15 ಮೀಟರ್. ಮೂವತ್ತು ಮೀಟರ್ ದೂರದ ಪೊದೆಯಿಂದ ನುಗ್ಗಿದರೆ ನಿಮ್ಮ ಕೈಯಲ್ಲಿರೋದು ಎರಡು ಸೆಕೆಂಡ್. ಫಸ್ಟ್ ಇಯರ್ ಫಿಸಿಕ್ಸ್ ಹಾಕಿ ನೋಡಿ. 200 ಕೆ.ಜಿ. ಕರಡಿ ಆ ವೇಗದಲ್ಲಿ ಬಂದರೆ ಮೊಮೆಂಟಮ್ 3000. ಹದಿನೈದೂವರೆ ಗ್ರಾಂನ .44 ಗುಂಡು ಸೆಕೆಂಡಿಗೆ 360 ಮೀಟರ್ ಹೋದರೂ ಅದರ ಮೊಮೆಂಟಮ್ ಆರೂ ಇಲ್ಲ. ಸಿನಿಮಾದಲ್ಲಿ ಹಾರಿ ಬೀಳೋ ಹಾಗೆ ಕರಡಿಯನ್ನು ಗುಂಡು ಹಿಂದಕ್ಕೆ ತಳ್ಳಲ್ಲ. ಅದು ಅಲ್ಲೇ ಬೀಳಬೇಕು ಅಂದರೆ ಗುಂಡು ಮಿದುಳಿಗೋ ಬೆನ್ನುಹುರಿಗೋ ತಾಗಬೇಕು. ಅದೂ ತಲೆ ಮೇಲೆ ಕೆಳಗೆ ಆಡಿಸುತ್ತಾ ಓಡಿ ಬರುತ್ತಿರುವಾಗ, ನಡುಗುವ ಕೈಯಲ್ಲಿ.

ಲೆಕ್ಕ ನಂಬದ ಗೆಳೆಯರಿಗೋಸ್ಕರ ಹಾಸ್ಟೆಲ್ ಕಾರಿಡಾರಿನಲ್ಲಿ ಒಂದು ಪ್ರಯೋಗ ಮಾಡಿದೆವು. ನಮ್ಮ ಲಾಂಗ್ ಜಂಪ್ ಹುಡುಗ ಕರಡಿ. ಕರಡಿಯ ಅರ್ಧ ವೇಗ ಅಂತ ಇಟ್ಟುಕೊಂಡು ದೂರವನ್ನೂ ಅರ್ಧ ಮಾಡಿ, 15 ಮೀಟರಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆವು. ಅವನು ಹಿಂದಿನಿಂದಲೇ ಓಡಿ ಬಂದು ಗೆರೆ ದಾಟಬೇಕು, ಎದೆಗೊಂದು ಎ4 ಹಾಳೆ ಅಂಟಿಸಿದ್ದೆವು. ನನ್ನ ಸೊಂಟದಲ್ಲಿ ಸೆಮಿನಾರಿನ ಲೇಸರ್ ಪಾಯಿಂಟರ್. ಅವನು ಗೆರೆ ದಾಟಿದ ಮೇಲೆ ತೆಗೆದು ಹಾಳೆಯ ಮೇಲೆ ಚುಕ್ಕೆ ಬೀಳಿಸಬೇಕು. ಐದು ಸಲದಲ್ಲಿ ಮೂರು ಸಲ ಕೈಗೆ ಬಂತು, ಒಂದೇ ಸಲ ಹಾಳೆಗೆ ಬಿತ್ತು. ಪಾಯಿಂಟರನ್ನು ಬ್ಯಾಗಿನ ಪಕ್ಕದ ಜೇಬಿಗೆ ಹಾಕಿ ಮಾಡಿದರೆ ಸೊನ್ನೆ. ಅವನು ಬರ್ತಾನೆ ಅಂತ ಮೊದಲೇ ಗೊತ್ತಿದ್ದೂ ಈ ಗತಿ. ಆರನೇ ಸಲಕ್ಕೆ ವಾರ್ಡನ್ ಸರ್ ಬಂದರು, ಪ್ರಯೋಗ ಮುಗಿಯಿತು.

ಅಣ್ಣನಿಗೆ ವಿಡಿಯೋ ಕಳಿಸಿದೆ. ಅವನು ನಗಲಿಲ್ಲ. "ಹಾಗಾದ್ರೆ ಏನು ಮಾಡ್ಲಿ?" ಅಂದ.

ಆಗ ಬೇರ್ ಸ್ಪ್ರೇ ಬಗ್ಗೆ ಓದಿದೆ. ಮೆಣಸಿನಕಾಯಿಯ ಖಾರದ ಅಂಶ, ಕ್ಯಾಪ್ಸೈಸಿನ್ ಗುಂಪಿನ ರಾಸಾಯನಿಕಗಳು, 1ರಿಂದ 2 ಶೇಕಡ. ಎಂಟು ಒಂಬತ್ತು ಮೀಟರ್ ದೂರಕ್ಕೆ ಮೋಡದ ಹಾಗೆ ಹರಡುತ್ತೆ, ಕರಡಿಯ ಕಣ್ಣು, ಮೂಗು, ಉಸಿರಿಗೆ ಹತ್ತುತ್ತೆ. ಹಣೆಗೇ ಗುರಿ ಇಡಬೇಕಿಲ್ಲ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಜೊತೆಗಾರರು ಅಲಾಸ್ಕಾದ ಘಟನೆಗಳನ್ನು ಕೂಡಿಸಿ 2008ರಲ್ಲಿ ಬರೆದ ಪ್ರಕಾರ, ಕಂದು ಕರಡಿಗಳ ಮೇಲೆ ಸ್ಪ್ರೇ ಬಳಸಿದಾಗ ಶೇ. 92 ಸಲ ಅವು ತಮ್ಮ ಕೆಲಸ ನಿಲ್ಲಿಸಿದವು, ಸ್ಪ್ರೇ ಇದ್ದವರಲ್ಲಿ ಶೇ. 98 ಜನರಿಗೆ ಗಾಯವೇ ಆಗಲಿಲ್ಲ. ಸ್ಮಿತ್, ಹೆರೆರೊ ಮತ್ತು ಜೊತೆಗಾರರು ಬಂದೂಕಿನ ಘಟನೆಗಳನ್ನು 2012ರಲ್ಲಿ ಬರೆದಾಗ ಹ್ಯಾಂಡ್‌ಗನ್ ಯಶಸ್ಸು ಶೇ. 84. ಕಮ್ಮಿಯೇನಲ್ಲ. ಎರಡೂ ಬೇರೆ ಬೇರೆ ಘಟನೆಗಳ ಲೆಕ್ಕ, ಹಾಗಾಗಿ ಪಕ್ಕಪಕ್ಕ ಇಟ್ಟು ಮಾರ್ಕ್ಸ್ ಕೊಡೋದು ತಪ್ಪು. ಸ್ಪ್ರೇಗೂ ಎದುರುಗಾಳಿ, ಜೋರು ಮಳೆಯ ತೊಂದರೆ ಇದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈಗೆ ಬಂದೂಕು ಕೆಲಸಕ್ಕೆ ಬರುತ್ತೆ. ನಮ್ಮಣ್ಣನದು ಅಂಥ ಕೈ ಅಲ್ಲ.

ಆದರೂ ಅವನ ಮನಸ್ಸು ಒಪ್ಪಲಿಲ್ಲ. "ಸೊಂಟದಲ್ಲಿ ಅದೊಂದಿದ್ರೆ ಧೈರ್ಯ ಕಣೋ" ಅಂದ. ದಸರಾ ರಜೆಗೆ ಊರಿಗೆ ಹೋದಾಗ ಇದನ್ನು ಅಜ್ಜನ ಹತ್ತಿರ ಹೇಳಿದೆ. ನಮ್ಮೂರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಕೋವಿ ಇದೆ. ಎಲೆಕ್ಷನ್ ಬಂದಾಗ ಅಜ್ಜ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಬರೋದು, ಮುಗಿದ ಮೇಲೆ ತರೋದು, ಇಷ್ಟೇ ನಾನು ನೋಡಿರೋದು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ವಿಷಯ ಹೇಳಿದರು. ಅಪ್ಪ ಹುಟ್ಟುವ ಮೊದಲಿನ ಮಾತಂತೆ. ಮುಸ್ಸಂಜೆ, ತೋಟದ ಅಂಚಿನಲ್ಲಿ ಪೊದೆ ಅಲುಗಾಡಿತು. ಮೂರು ದಿನದಿಂದ ಹಂದಿ ಕಾಟ. ಅಜ್ಜ ಕೋವಿ ಎತ್ತಿ ಕುದುರೆ ಎಳೆದರು. ಅಷ್ಟರಲ್ಲಿ ಪೊದೆಯೊಳಗಿಂದ ಕೆಮ್ಮು ಕೇಳಿತು. ಅಜ್ಜನ ತಮ್ಮ, ಸೊಪ್ಪು ಕಡಿಯೋಕೆ ಬಂದವರು.

"ಅವ ಕೆಮ್ಮದಿದ್ರೆ ನಾ ಹೊಡಿತಿದ್ದೆ" ಅಂದರು ಅಜ್ಜ. "ಕೈಯಲ್ಲಿ ಕೋವಿ ಇದ್ರೆ ಕಾಡಲ್ಲಿ ಅಲ್ಲಾಡಿದ್ದೆಲ್ಲ ಹಂದಿನೇ ಮಾರಾಯ. ನಿಮ್ಮಣ್ಣಂಗೆ ಹೇಳು, ಮಾತಾಡ್ತಾ ನಡೀಲಿ. ಒಬ್ನೇ ಯಾಕೆ ಹೋಗ್ತಾನೆ?"

ಯೆಲ್ಲೋಸ್ಟೋನ್ ಪಾರ್ಕಿನವರು ಹೇಳೋದೂ ಇದನ್ನೇ: ಸದ್ದು ಮಾಡುತ್ತಾ ಹೋಗಿ, ಮೂವರಿಗಿಂತ ಕಮ್ಮಿ ಹೋಗಬೇಡಿ, ಕರಡಿಯಿಂದ 100 ಗಜ ದೂರ ಇರಿ, ಸ್ಪ್ರೇ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಅಜ್ಜನ ಮಾತನ್ನು ವಾಯ್ಸ್ ನೋಟ್ ಮಾಡಿ ಕಳಿಸಿದೆ. ಅದರಲ್ಲಿ ಕೊನೆಯ ಪ್ರಶ್ನೆಗೆ ಅಣ್ಣ ಎರಡು ದಿನ ಉತ್ತರ ಕೊಡಲಿಲ್ಲ. ಆಮೇಲೆ ಫೋನ್ ಮಾಡಿ, "ಇಲ್ಲಿ ಯಾರೂ ಅಷ್ಟು ಪರಿಚಯ ಇಲ್ಲ ಕಣೋ, ಅದಕ್ಕೇ ಒಬ್ನೇ ಹೋಗೋದು" ಅಂದ. ಎರಡು ವರ್ಷದಲ್ಲಿ ಈ ಮಾತನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಎಕ್ಸೆಲ್ ಶೀಟಿನಲ್ಲಿ ಅದಕ್ಕೂ ಕಾಲಮ್ ಇರಲಿಲ್ಲ.

ಈಗ ಅವನು ಆಫೀಸಿನ ಇಬ್ಬರ ಜೊತೆ ಹೋಗ್ತಾನೆ. ಸ್ಪ್ರೇ ಎದೆಯ ಪಟ್ಟಿಗೆ ಸಿಕ್ಕಿಸಿರುತ್ತೆ. ಅಭ್ಯಾಸಕ್ಕೆ ಅಂತಲೇ ಖಾರವಿಲ್ಲದ ಕ್ಯಾನ್ ಸಿಗುತ್ತೆ, ಅದನ್ನು ಪಾರ್ಕಿಂಗ್ ಲಾಟಿನಲ್ಲಿ ಹೊಡೆದು ಹೊಡೆದು ಕೈ ಕೂರಿಸಿಕೊಂಡಿದ್ದಾನೆ. ತಿರುವು ಬಂದಾಗ ಅವರಿಬ್ಬರು "ಹೇ ಬೇರ್" ಅಂತ ಕೂಗಿದರೆ ಇವನು ನಮ್ಮ ತೋಟದಲ್ಲಿ ಮಂಗ ಓಡಿಸೋ ಹಾಗೆ "ಹೋಯ್ ಹೋಯ್" ಅಂತಾನಂತೆ.

ದೊಡ್ಡಮ್ಮನಿಗೆ ಕೊನೆಗೂ ವಿಷಯ ಗೊತ್ತಾಯ್ತು. ಕರಡಿಗೆ ಏನು ಹಿಡ್ಕೊಂಡು ಹೋಗ್ತಾನೆ ಅಂತ ನನ್ನನ್ನೇ ಕೇಳಿದರು. ಮೆಣಸಿನಕಾಯಿ ಖಾರದ ಸ್ಪ್ರೇ ಅಂದೆ.

"ಯಾವ ಮೆಣಸಿನಕಾಯಿ? ಬ್ಯಾಡಗಿ ಆದ್ರೆ ಬರೀ ಬಣ್ಣ, ಖಾರ ಇರಲ್ಲ. ಗುಂಟೂರು ಹಾಕಿದಾರಾ ಕೇಳು."