ಪರರ ಹಬ್ಬ

ವಿದ್ಯಾರ್ಜನೆಗಾಗಿ ಮನೆಯನ್ನು ಬಿಡುವುದು ನಮ್ಮವರಿಗೆ ಹೊಸತಲ್ಲ. ಶಾಸ್ತ್ರವನ್ನೋದಲು ಕಾಶಿಗೆ ಹೊರಟವನು ವರ್ಷಗಟ್ಟಲೆ ತಾಯಿಯ ಮುಖವನ್ನು ಕಾಣದೆ ಇರುತ್ತಿದ್ದುದುಂಟು. ಇಂದಿನ ವಿದ್ಯಾರ್ಥಿಗಾದರೋ ಆ ಮುಖವು ಅಂಗೈಯಲ್ಲಿರುವ ಮೊಬೈಲಿನಲ್ಲೇ ಮೂಡುತ್ತದೆ. ಆದರೂ ಊರಿನ ಹಂಬಲವೆಂಬ ರೋಗವು ಕಡಮೆಯಾಗಿಲ್ಲ. ರೋಗವೆಂಬುದು ಇಲ್ಲಿ ಬರಿಯ ಅಲಂಕಾರದ ಮಾತಲ್ಲ. 1688ರಲ್ಲಿ ಬಾಸೆಲ್ ನಗರದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಯೋಹಾನ್ನೆಸ್ ಹೋಫರನು ಇದನ್ನು ವ್ಯಾಧಿಯೆಂದೇ ಭಾವಿಸಿ ಪ್ರಬಂಧವನ್ನು ಬರೆದು, ‘ಮರಳುವಿಕೆ’, ‘ನೋವು’ ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಸಮಾಸಮಾಡಿ ‘ನೊಸ್ಟಾಲ್ಜಿಯ’ ಎಂದು ಹೆಸರಿಟ್ಟನು. ಅವನು ವರ್ಣಿಸಿದ ರೋಗಿಗಳಲ್ಲೊಬ್ಬನು ಬೆರ್ನ್‌ನಿಂದ ಬಾಸೆಲಿಗೆ ಓದಲು ಬಂದ ತರುಣ. ನಡುವಣ ದೂರ ಸುಮಾರು ನೂರು ಕಿಲೋಮೀಟರು, ಅಷ್ಟೆ! ಆ ತರುಣನು ಸಾಯುವ ಸ್ಥಿತಿಗೆ ಬಂದಿದ್ದು, ಊರಿಗೆ ಕರೆದೊಯ್ಯುವರೆಂದು ತಿಳಿದಾಗ ಚೇತರಿಸಿಕೊಳ್ಳತೊಡಗಿದನಂತೆ.

2022ರಲ್ಲಿ ಮಲೆನಾಡಿನ ಮನೆಯೊಂದರಿಂದ, ಗಣಿತವನ್ನೋದುತ್ತಿದ್ದ ಯುವಕನೊಬ್ಬನು ವಿದ್ಯಾರ್ಥಿ ವಿನಿಮಯದ ಏರ್ಪಾಡಿನಂತೆ ಒಂದು ವರ್ಷದ ಮಟ್ಟಿಗೆ ಜರ್ಮನಿಯ ಗೊಟ್ಟಿಂಗೆನ್ ನಗರಕ್ಕೆ ಹೋದನು. ನಮ್ಮ ಐಹೊಳೆಯ ಪುಲಕೇಶಿಯ ಶಾಸನವನ್ನು ಸಂಪಾದಿಸಿದ ಕೀಲ್‌ಹಾರ್ನ್ ಪಂಡಿತನು ಸಂಸ್ಕೃತದ ಆಚಾರ್ಯನಾಗಿದ್ದ ಊರು ಅದು. ಹುಡುಗನಿಗೆ ಈ ಸಂಗತಿ ತಿಳಿದಿರಲಿಲ್ಲ. ತಿಳಿದಿದ್ದರೂ ಡಿಸೆಂಬರಿನ ಚಳಿಗೆ ಅದು ಕಂಬಳಿಯಾಗುತ್ತಿರಲಿಲ್ಲ.

ಅಕ್ಟೋಬರ್ 24, ಸೋಮವಾರ, ನರಕಚತುರ್ದಶಿ. ಅಂದು ಹುಡುಗನು ಮನೆಯನ್ನು ನೆನೆದು ಅಳುವನೆಂದು ತಾಯಿ ಹೆದರಿದ್ದಳು. ಹಾಗಾಗಲಿಲ್ಲ. ಬೆಳಗ್ಗೆ ಪಾಠ, ಮಧ್ಯಾಹ್ನ ಲೆಕ್ಕ, ಸಂಜೆ ಗ್ರಂಥಾಲಯ. ಅಭ್ಯಂಜನವಿಲ್ಲದೆಯೇ ಹಬ್ಬ ಕಳೆದುಹೋಯಿತು. ಸುತ್ತಲಿನವರಾರಿಗೂ ಅದು ಹಬ್ಬವಲ್ಲವಾದುದರಿಂದ ಹಬ್ಬವಿಲ್ಲವೆಂಬ ಕೊರತೆಯೂ ಕಣ್ಣಿಗೆ ಬೀಳಲಿಲ್ಲ.

ಅವನನ್ನು ಕೆಡವಿದ್ದು ಕ್ರಿಸ್‌ಮಸ್. ವಿದ್ಯಾರ್ಥಿನಿಲಯದವರು ಒಬ್ಬೊಬ್ಬರಾಗಿ ಪೆಟ್ಟಿಗೆಗಳನ್ನೆಳೆದುಕೊಂಡು ತಮ್ಮ ತಮ್ಮ ಊರುಗಳಿಗೆ ಹೊರಟರು. 24ನೆಯ ತಾರೀಖು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಗಳು ಬಾಗಿಲು ಹಾಕಿದವು. ಭಾನುವಾರ, ಸೋಮವಾರ ಎರಡೂ ಹಬ್ಬದ ರಜೆ. ಇನ್ನು ತೆರೆಯುವುದು ಮಂಗಳವಾರವೇ. ನಾಲ್ಕು ಗಂಟೆ ದಾಟುತ್ತಲೇ ಸೂರ್ಯಾಸ್ತ. ಬೀದಿಯಲ್ಲಿ ನರಪಿಳ್ಳೆಯಿಲ್ಲ, ಕಿಟಕಿ ಕಿಟಕಿಯಲ್ಲೂ ದೀಪ, ದೀಪದ ಹಿಂದೆ ಒಂದು ಸಂಸಾರ. ಹಬ್ಬವು ಅವನದಲ್ಲ, ನಿಜ. ಆದರೆ ಹಬ್ಬವೆಂದರೇನೆಂಬುದು ಅವನಿಗೆ ಗೊತ್ತಿತ್ತಷ್ಟೆ. ಆ ರಾತ್ರಿ ಅವನು ವಿಮಾನದ ಟಿಕೇಟಿನ ಬೆಲೆಯನ್ನು ಮೂರು ಬಾರಿ ನೋಡಿದನು. ಇಂಥವರಿಗೆ ಹಿರಿಯರು ‘ಊರು ಸುತ್ತು, ನಾಲ್ಕು ಜನರೊಡನೆ ಬೆರೆ’ ಎನ್ನುತ್ತಾರೆ. ಒಳ್ಳೆಯ ಮಾತೇ. ಬೆರೆಯಲು ಜನವೇ ಇಲ್ಲದ ದಿನ ಏನು ಮಾಡಬೇಕೆಂದು ಮಾತ್ರ ಅವರು ಹೇಳುವುದಿಲ್ಲ.

ತಾಯಿಯೊಡನೆ ದಿನವೂ ಮಾತಿತ್ತು. “ಊಟ ಆಯ್ತೇನೋ ಅಪ್ಪಿ?” “ಆಯ್ತಮ್ಮ, ಚೆನ್ನಾಗಿದೀನಿ. ನೀವೆಲ್ಲ?” “ನಾವೂ ಚೆನ್ನಾಗಿದೀವಿ.” ಹಿಂದಿನವರು ಕಾಗದದಲ್ಲಿ ‘ಉಭಯಕುಶಲೋಪರಿ’ ಎಂದು ಬರೆದು ಅನಂತರ ವಿಷಯಕ್ಕೆ ಬರುತ್ತಿದ್ದರು. ಇವರ ಸಂಭಾಷಣೆಯಲ್ಲಿ ಉಭಯಕುಶಲವಿತ್ತು, ‘ಉಪರಿ’ ಇರಲಿಲ್ಲ. ಮಗನು ತಾಯಿ ನೊಂದಾಳೆಂದು ಬಚ್ಚಿಟ್ಟನು. ತಾಯಿಯೂ ಅದೇ ಭಯದಿಂದ ಬಚ್ಚಿಟ್ಟಳು. ಮುಖ ಕಾಣುವ ಯಂತ್ರವಿದ್ದೂ ಇಬ್ಬರೂ ಒಬ್ಬರಿಗೊಬ್ಬರು ಕಾಣಲಿಲ್ಲ.

ಭಾನುವಾರ ಮಧ್ಯಾಹ್ನ ಅಡಿಗೆಮನೆಯಲ್ಲಿ ಬ್ರೆಜಿಲ್ ದೇಶದ ವಿದ್ಯಾರ್ಥಿನಿಯೊಬ್ಬಳು ಸುಮ್ಮನೆ ಕುಳಿತಿದ್ದಳು. ಅವಳ ನಾಡಿನಲ್ಲಿ ಕ್ರಿಸ್‌ಮಸ್ ಬರುವುದು ಕಡು ಬೇಸಗೆಯಲ್ಲಿ. ಹಬ್ಬ ತನ್ನದೇ ಆಗಿದ್ದೂ, ಈ ಚಳಿಯಲ್ಲಿ, ಈ ಕತ್ತಲಲ್ಲಿ ಅದನ್ನು ಗುರುತು ಹಿಡಿಯಲಾರೆನೆಂದಳು. ತನಗಿಂತ ಹೆಚ್ಚು ನೊಂದವರು ಅದೇ ಮಾಡಿನ ಕೆಳಗೆ ಇರುವರೆಂಬುದು ಹುಡುಗನಿಗೆ ಅಂದೇ ಹೊಳೆದದ್ದು. ಏನು ಹೇಳಬೇಕೋ ತಿಳಿಯದೆ, ಸಾರು ಮಾಡುತ್ತೇನೆ, ಊಟಮಾಡು, ಎಂದುಬಿಟ್ಟನು. ತಾಯಿ ಕಟ್ಟಿಕೊಟ್ಟ ಸಾರಿನ ಪುಡಿ ಖರ್ಚಾಗಿಬಿಡುವುದೆಂಬ ಭಯದಿಂದ ಇನ್ನೂ ಬಿಚ್ಚದೆ ಪೆಟ್ಟಿಗೆಯಲ್ಲೇ ಇತ್ತು. ಬೇಳೆ ಬೆಂದಿತು. ಮುಂದೇನೆಂದು ತಿಳಿಯದು.

ಊರಿನಲ್ಲಿ ಆಗ ಸಂಜೆ ಆರರ ಸಮಯ. “ಅಮ್ಮಾ, ಇಬ್ಬರಿಗೆ ಸಾರು ಅಂದ್ರೆ ಹುಳಿ ಎಷ್ಟು?”

ಕ್ಷಣಕಾಲ ಉತ್ತರವಿಲ್ಲ. ಅನಂತರ, “ಪಾತ್ರೆ ತೋರಿಸು,” ಎಂದಳು. ನೋಡಿದಳು. “ಅಯ್ಯೋ, ಅಷ್ಟೊಂದು ಹುಳಿ ಕಿವುಚಿದ್ಯಲ್ಲೋ! ಅರ್ಧ ತೆಗಿ. ಬೆಲ್ಲ ಇದ್ಯಾ? ಸಕ್ಕರೆನಾದ್ರೂ ಹಾಕು. ಒಗ್ಗರಣೆಗೆ ಸಾಸಿವೆ ಸಿಡಿದ ಮೇಲೆ ಇಂಗು, ಮೊದಲೇ ಅಲ್ಲ.” ಹೀಗೆ ಅರ್ಧ ಗಂಟೆ ಗದರಿಸಿ, ಕೊನೆಗೆ ಯಾರಿಗೋ ಹೇಳುವಂತೆ, “ನೀನು ಹೋದ ಮೇಲೆ ಇಲ್ಲಿ ದಿನಾ ಸಾರು ಮಿಗುತ್ತೆ. ನಾಲ್ಕು ತಿಂಗಳಾಯ್ತು, ಕೈಗೆ ಅಳತೆ ಇನ್ನೂ ಸಿಕ್ಕಿಲ್ಲ,” ಎಂದಳು.

“ನನಗೂ ಇಲ್ಲಿ ಬೇಜಾರು ಕಣಮ್ಮ,” ಎಂದನು ಮಗ.

ಹಂಬಲವೇನೂ ಆ ದಿನವೇ ತೊಲಗಲಿಲ್ಲ. ಜನವರಿಯಲ್ಲಿ ಪಾಠಗಳು ಆರಂಭವಾಗುವವರೆಗೆ ಅದು ಇದ್ದೇ ಇತ್ತು. ಟಿಕೇಟಿನ ಬೆಲೆಯನ್ನು ಮಾತ್ರ ಅವನು ಮತ್ತೆ ನೋಡಲಿಲ್ಲ. ಮಂಗಳವಾರ ಅಂಗಡಿ ತೆರೆದೊಡನೆ ಇಬ್ಬರೂ ಹೋಗಿ ಕೊತ್ತಂಬರಿ ಸೊಪ್ಪು ತಂದರು. ಅಂದಿನ ಸಾರಿಗೂ ಹುಳಿ ಸ್ವಲ್ಪ ಹೆಚ್ಚೇ ಆಗಿತ್ತಂತೆ.